ಜಿಂಕೆಗೆಂದು ಬಿತ್ತಿದ ಗದ್ದೆ

ಕಡಬ
೧೦-೪-೧೯೬೧, ಸೋಮವಾರ

ಅಜ್ಜಾವರದಲ್ಲಿ ಅಕ್ಕನ ಮನೆಯಲ್ಲಿರುವ ಇವರಿಗೆ, ಸೇವಂತಿ ಮಾಡುವ ನಮಸ್ಕಾರಗಳು.

ಸಿಟ್ಟು ಮಾಡಿಕೊಂಡು ಹೋದ ಗಂಡನಿಗೆ ಕಾಗದ ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಉಪ್ಪಿನಂಗಡಿಯ ಶಾಲೆಯಲ್ಲಿ ತಂದೆಗೆ ಬರೆಯುವ ಪತ್ರ, ಮಾಸ್ತರರಿಗೆ ಬರೆಯುವ ರಜೆಯ ಅರ್ಜಿ, ಎರಡನ್ನೇ ಕಲಿಸಿದ್ದು. ಇದು ಎರಡೂ ಅಲ್ಲ. ತಪ್ಪಿದ್ದಲ್ಲಿ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಬೆಳಿಗ್ಗೆ ಶೀಲಾವತಿ ಅತ್ತಿಗೆಯ ಕಾಗದ ಬಂತು. ನೀವು ಅಲ್ಲಿಗೆ ಹೋದ ಮರುದಿನದಿಂದಲೇ ಜ್ವರವಂತೆ. ಸುಳ್ಯದಿಂದ ಡಾಕ್ಟರು ಬಂದು ವಿಷಮಜ್ವರ ಎಂದರಂತೆ. ಹತ್ತು ದಿನದಿಂದ ನೀವು ಗಂಜಿತಿಳಿಯಲ್ಲಿ ಇದ್ದೀರೆಂದು ಓದುವಾಗ ನನ್ನ ಸಿಟ್ಟು ಅರ್ಧ ಇಳಿಯಿತು. ಜ್ವರ ಏರಿದಾಗಲೆಲ್ಲ ನೀವು “ಕಂಡಿತಾ, ಅವಳಿಗೆ ಕಂಡಿತಾ” ಎಂದು ಕೇಳುತ್ತೀರಂತೆ. ಎಂತ ಕಾಣುವುದೆಂದು ಅತ್ತಿಗೆಗೆ ಅರ್ಥವಾಗಿಲ್ಲ. ನನಗೆ ಅರ್ಥವಾಗಿದೆ. ಅದನ್ನು ಆಮೇಲೆ ಬರೆಯುತ್ತೇನೆ.

ಕಾಗದದ ಕೊನೆಯಲ್ಲಿ ಅತ್ತಿಗೆ ಇನ್ನೊಂದು ಮಾತು ಬರೆದಿದ್ದಾರೆ. ನೀವು ಉಟ್ಟ ಮುಂಡಿನಲ್ಲೇ ಬಂದಿರಿ, ಕೈಯಲ್ಲಿ ಒಂದು ಚೀಲ ಕೂಡ ಇರಲಿಲ್ಲ, ಕೋವಿಯನ್ನು ಮನೆಯಲ್ಲಿ ಜಾಗ್ರತೆಯಿಂದ ಇಟ್ಟುಕೊಳ್ಳಬೇಕು ಎಂದು. ಅದನ್ನು ಓದಿದವಳು ಹಾಗೆಯೇ ಜಗಲಿಯಲ್ಲಿ ಕುಳಿತುಬಿಟ್ಟೆ. ಕೋವಿ ಮನೆಯಲ್ಲಿಲ್ಲ. ಚಾವಡಿಯ ಗೋಡೆಯ ಗೂಟ ನೀವು ಹೋದ ದಿನದಿಂದ ಬರಿದಾಗಿದೆ. ನಿಮ್ಮ ಜೊತೆ ಹೋಗಿದೆ ಎಂದು ನಾನು ಹನ್ನೆರಡು ದಿನ ನಿಶ್ಚಿಂತೆಯಿಂದ ಇದ್ದೆ. ಅಟ್ಟ ಹತ್ತಿದೆ, ಕಣಜದ ಹಿಂದೆ ನೋಡಿದೆ, ಹಟ್ಟಿಯ ಮಾಡಿನಲ್ಲಿ ನೋಡಿದೆ. ಎಲ್ಲಿಯೂ ಇಲ್ಲ. ಕೋವಿಮದ್ದು ತುಂಬುವ ಕೊಂಬೂ ಇಲ್ಲ, ನೀವು ಬಲೆಗೆಂದು ತಂದಿಟ್ಟ ಕಪ್ಪು ಹುರಿಯ ಉಂಡೆಯೂ ಇಲ್ಲ.

ನೇರವಾಗಿ ಕೇಳುತ್ತೇನೆ. ಕಾಲು ತಾಗಿದರೆ ತಾನಾಗಿ ಹಾರುವ ಹಾಗೆ ಹುರಿ ಬಿಗಿದು ಕೋವಿಯನ್ನು ಗದ್ದೆಯಲ್ಲಿ ಕಟ್ಟಿದ್ದೀರಾ?

ಕಟ್ಟಿರಲಾರಿರಿ ಎಂದು ನೂರು ಸಲ ಹೇಳಿಕೊಂಡೆ. ಯಾರೋ ಹಂದಿಗೆಂದು ಕಟ್ಟಿದ ಕೋವಿಯ ಹುರಿಗೆ ನಮ್ಮ ಆಚೆಮನೆಯ ಶೀನಪ್ಪಣ್ಣನ ಕಾಲು ತಾಗಿ, ಮೊಣಕಾಲು ಹೋಗಿ, ಅವನು ಕೋಲು ಹಿಡಿದ ವರ್ಷ ನೀವು ದೈವದ ಎದುರು ನಿಂತು ಮಾತು ಕೊಟ್ಟಿದ್ದೀರಿ. ಕೈಯಲ್ಲಿ ಹಿಡಿದು ಹೊಡೆಯುತ್ತೇನೆ, ಕಟ್ಟಿ ಹೊಡೆಯುವುದಿಲ್ಲ ಎಂದು. ನಾನು ಹಿಂದೆಯೇ ನಿಂತಿದ್ದೆ. ಅದಕ್ಕೇ ಯಾರನ್ನೂ ಕೇಳುವ ಹಾಗಿಲ್ಲ. ಕೇಳಿದರೆ ನಿಮ್ಮ ಮಾತು ಹೋಯಿತು, ಪೋಲೀಸಿನವರಿಗೆ ಗೊತ್ತಾದರೆ ನೀವೂ ಹೋದಿರಿ.

ಆದರೆ ಹೋಗುವ ಮೂರು ದಿನ ಮೊದಲು ನೀವು ಆಡಿದ ಮಾತು ನೆನಪಿದೆ. “ಇನ್ನು ನಾನು ಕಾಯುದಿಲ್ಲ. ಗದ್ದೆಯೇ ಕಾಯ್ತದೆ” ಎಂದಿರಿ. ಆಮೇಲೆ ನೀವು ಹೊರಡುವವರೆಗೆ ನಮ್ಮ ನಡುವೆ ಮಾತೇ ಇರಲಿಲ್ಲ. ಅಂದು ಅದು ಬರೀ ಸಿಟ್ಟಿನ ಮಾತೆಂದುಕೊಂಡಿದ್ದೆ.

ಆ ಗದ್ದೆಯನ್ನು ಬಿತ್ತಿದವಳು ನಾನು. ಅದೇ ನನ್ನ ಸಂಕಟ. ಎರಡೆತ್ತಿನಲ್ಲಿ ಒಂದು ಸತ್ತ ಮೇಲೆ ಉಳುವವರಿಲ್ಲ ಎಂದು ಮೇಲಿನ ಗದ್ದೆಯನ್ನು ಬಿಡುವುದೆಂದಿದ್ದೆವು. ನಿಮಗೆ ಉಪಾಯ ಹೊಳೆಯಿತು. ಬೇಸಿಗೆಯಲ್ಲಿ ಗುಡ್ಡದಲ್ಲಿ ಹಸಿರು ಇರುವುದಿಲ್ಲ, ಇಲ್ಲಿ ಅಲಸಂಡೆಯೂ ಹುರುಳಿಯೂ ಎದ್ದರೆ ಜಿಂಕೆ ತಾನಾಗಿ ಇಳಿದು ಬರುತ್ತದೆ, ಕಾಡು ಸುತ್ತುವ ಕೆಲಸವಿಲ್ಲ ಎಂದಿರಿ. ನೇಗಿಲಿಲ್ಲದೆ ಹೇಗೆ ಎಂದು ಕೇಳಿದೆ. ನೇಗಿಲು ಬೇಡ, ಕೊಯಿಲಿನ ತೇವ ಆರುವ ಮೊದಲು ಎರಚಬೇಕು ಎಂದಿರಿ. ಬೀಜವನ್ನು ಸಂಜೆ ನೆನೆಹಾಕಿದೆ. ಕೈಯಿಂದ ರಾಶಿ ರಾಶಿ ಬೀಳದ ಹಾಗೆ ಬೂದಿ ಮತ್ತು ತೋಡಿನ ಮರಳು ಬೆರೆಸಿದೆ. ಒಮ್ಮೆ ಗುಡ್ಡದಿಂದ ಮನೆಯ ಕಡೆಗೆ, ಇನ್ನೊಮ್ಮೆ ಅಡ್ಡಕ್ಕೆ, ಹೆಜ್ಜೆಗೊಂದು ಮುಷ್ಟಿ. ಆಮೇಲೆ ಬಿದಿರುಮುಳ್ಳಿನ ಕಟ್ಟಿನ ಮೇಲೆ ಕಲ್ಲು ಹೇರಿ, ಹಗ್ಗ ಸೊಂಟಕ್ಕೆ ಬಿಗಿದು, ಗದ್ದೆಯಿಡೀ ಎಳೆದೆ. ಮುಳ್ಳು ಮಣ್ಣನ್ನು ಗೀರಿ ಬೀಜ ಮುಚ್ಚಿತು. ನೀವು ಗದ್ದೆಯ ಬದುವಿನಲ್ಲಿ, ಹುಣಿಯಲ್ಲಿ, ಕುಳಿತು ವೀಳ್ಯ ಹಾಕುತ್ತ, ಎತ್ತಿಗಿಂತ ಇವಳೇ ವಾಸಿ ಎಂದು ನಕ್ಕಿರಿ. ನಾನೂ ನಕ್ಕೆ.

ಅದು ಕೆಡ್ಡಸದ ಮೂರನೆಯ ದಿನ. ಭೂಮಿತಾಯಿ ಮೈಲಿಗೆಯಾಗಿರುವ ಮೂರು ದಿನ ಮಣ್ಣಿಗೆ ಏನನ್ನೂ ತಾಗಿಸಬಾರದು. ನಾಳೆಗೆ ತೇವ ಆರುತ್ತದೆ ಎಂದು ನೀವು ಅವಸರ ಮಾಡಿದಿರಿ. ಅಗೆಯುವುದಿಲ್ಲವಲ್ಲ, ಗೀರುವುದು ತಾನೇ ಎಂದು ನಾನೂ ಒಪ್ಪಿದೆ. ಅಂದಿನಿಂದ ನನ್ನ ಎದೆಯಲ್ಲಿ ಒಂದು ಹೆದರಿಕೆ ಕುಳಿತಿತ್ತು. ನಿಮಗೆ ಹೇಳಿರಲಿಲ್ಲ.

ಇನ್ನೊಂದನ್ನೂ ಹೇಳಿರಲಿಲ್ಲ. ನೀವು ಅಟ್ಟಣೆಯಲ್ಲಿ ಕುಳಿತ ಮೂರು ಮುಂಜಾವಗಳಲ್ಲಿಯೂ ಜಿಂಕೆಗಳು ಓಡಿದ್ದು ಗಾಳಿ ತಿರುಗಿದ್ದರಿಂದಲ್ಲ. ತೋಡಿನ ನೀರು ತಿರುಗಿಸುವ ನೆವದಲ್ಲಿ ಹೋಗಿ ನಾನು ಕೊಡಪಾನವನ್ನು ಕಲ್ಲಿಗೆ ಬಡಿಯುತ್ತಿದ್ದೆ. ತಿನ್ನಲೆಂದು ನನ್ನ ಕೈಯಿಂದ ಬಿತ್ತಿದ್ದನ್ನು ತಿನ್ನಲು ಬಂದವುಗಳನ್ನು ಅಲ್ಲಿಯೇ ಕೊಲ್ಲುವುದನ್ನು ನನಗೆ ಸಹಿಸಲಾಗಲಿಲ್ಲ. ನಾಲ್ಕನೆಯ ದಿನ ನೀವು ನನ್ನನ್ನು ಹಿಡಿದಿರಿ. ಜಗಳ ಅಲ್ಲಿಂದ ಸುರುವಾದದ್ದು.

ಈಗ ನೀವು ಕೇಳುತ್ತಿರುವ ಪ್ರಶ್ನೆಗೆ ಉತ್ತರ. ಕಂಡಿತು. ನೀವು ಹೋದ ದಿನ ಬೆಳಕು ಹರಿಯುವಾಗ ನೀರು ತಿರುಗಿಸಲು ಹೊರಟವಳಿಗೆ ಗದ್ದೆಗೆ ಇಳಿಯುವ ತಡಮೆಯ ಅಡ್ಡಗೋಲಿನಲ್ಲಿ ಕಂಡಿತು. ತೆಂಗಿನ ಗರಿಯನ್ನು ಹೆಣೆದು ಮೂರು ಗಂಟು ಹಾಕಿತ್ತು. ನಡುವಿನ ಗಂಟಿನಲ್ಲಿ ನನ್ನ ಹಸಿರು ಸೀರೆಯ ಸೆರಗಿನ ಒಂದು ಚೂರು. ಮಾಟ ಮಾಡುವವರು ಉಟ್ಟ ಬಟ್ಟೆಯ ಚೂರನ್ನೇ ಹುಡುಕುತ್ತಾರೆಂದು ನಮ್ಮ ಉಪ್ಪಿನಂಗಡಿಯಲ್ಲಿ ಮಕ್ಕಳಿಗೂ ಗೊತ್ತು. ಸೀರೆ ಪೆಟ್ಟಿಗೆಯಲ್ಲಿತ್ತು. ಅದನ್ನು ಹರಿಯಲು ಹೊರಗಿನವರು ಬರಬೇಕಾಗಿಲ್ಲ. ಏಳು ವರ್ಷವಾದರೂ ಮಕ್ಕಳಿಲ್ಲದವಳನ್ನು ಕಳೆದುಕೊಳ್ಳಲು ನೀವೇ ಯಾರ ಕೈಯಲ್ಲಾದರೂ ಮಾಡಿಸಿದಿರೋ ಎಂದು ಮನಸ್ಸಿಗೆ ಬಂತು. ಬಂದದ್ದನ್ನು ಬರೆಯುತ್ತಿದ್ದೇನೆ. ಅದನ್ನು ಕೋಲಿನಿಂದ ಎತ್ತಿ ಬಚ್ಚಲಿನ ಒಲೆಗೆ ಹಾಕಿದೆ. ಅಂದಿನಿಂದ ತಡಮೆ ದಾಟಿಲ್ಲ, ನೀರೂ ತಿರುಗಿಸಿಲ್ಲ.

ಈಗ ಮಾಟದ ಹೆದರಿಕೆ ಸಣ್ಣದಾಗಿದೆ. ಕುಂಞಿಪಾತುಮ್ಮ ದಿನವೂ ಆಡುಗಳನ್ನು ಹೊಡೆದುಕೊಂಡು ತಡಮೆಯ ಪಕ್ಕದಲ್ಲೇ ಹೋಗುತ್ತಾಳೆ. ಇವತ್ತು ಮಧ್ಯಾಹ್ನ ಅವಳ ಒಂದು ಆಡು ತಡಮೆಯ ಸಂದಿಯಲ್ಲಿ ತಲೆ ತೂರಿಸಿತ್ತು, ಅವಳು ಅದರ ಹಿಂದೆ ಗದ್ದೆಗೆ ಕಾಲಿಡುವವಳಿದ್ದಳು. ನಾನು ಜಗಲಿಯಿಂದ ಕೂಗಿದೆ. ಬಾಯಿಗೆ ಬಂದದ್ದು ಚಿರತೆ ಎಂಬ ಮಾತು. ಗದ್ದೆಯಲ್ಲಿ ಚಿರತೆ ಉಂಟು, ಹೋಗಬೇಡ ಎಂದೆ. ಅವಳು ಆಡನ್ನು ಕಿವಿ ಹಿಡಿದೆಳೆದುಕೊಂಡು ಓಡಿದಳು.

೧೨-೪-೧೯೬೧, ಬುಧವಾರ

ಮೇಲಿನದನ್ನು ನಿನ್ನೆ ಟಪ್ಪಾಲಿಗೆ ಹಾಕಲು ಕೈ ಬರಲಿಲ್ಲ. ಯಾರಾದರೂ ಒಡೆದು ಓದಿದರೆ ಎಂದು ಹೆದರಿ ಬರೀ ಒಂದು ಕಾರ್ಡು ಹಾಕಿದೆ, ಜ್ವರ ಬಿಟ್ಟ ಕೂಡಲೇ ಬನ್ನಿ ಎಂದು. ನೀವು ಬರಲಾರಿರಿ ಎಂದೂ ಗೊತ್ತು.

ನನ್ನ ಸುಳ್ಳು ನನ್ನ ಕುತ್ತಿಗೆಗೇ ಬಂದಿದೆ. ಕುಂಞಿಪಾತುಮ್ಮ ಊರಿಡೀ ಹೇಳಿದ್ದಾಳೆ. ಇವತ್ತು ಅವಳ ಗಂಡ ಹೈದರ್ ಸಾಹೇಬರೂ ಪೇಟೆಯ ದೇವದಾಸನೂ ಬಂದಿದ್ದರು. ದೇವದಾಸನಿಗೆ ಹೊಸ ಕೋವಿ ಬಂದಿದೆ, ಅದನ್ನು ತೋರಿಸಲು ಒಂದು ಚಿರತೆ ಬೇಕಿತ್ತು. “ತ್ಯಾಂಪಣ್ಣ ಇಲ್ಲದಿದ್ರೆ ಎಂತಾಯ್ತು, ನಾವಿಲ್ವಾ ಅಕ್ಕಾ. ಬಿಸು ಹಬ್ಬ ಕಳೀಲಿ, ಆದಿತ್ಯವಾರ ಹದಿನೈದು ಜನ ಸೇರಿ ಈ ತಡಮೆಯಿಂದ್ಲೇ ಇಳಿದು ಗದ್ದೆಯಿಡೀ ಸೋಸ್ತೇವೆ” ಎಂದು ನಿಮ್ಮ ಹೆಸರೆತ್ತಿ ಹೇಳಿದ. ಬೇಡ, ಅದು ಹೋಗಿಯಾಯಿತು ಎಂದೆ. ಹೈದರ್ ಸಾಹೇಬರು ತಲೆಯಾಡಿಸಿದರು. “ಹೋದದ್ದು ಬರ್ತದೆ ಸೇವಂತಿಯಕ್ಕ. ನಮ್ಮದು ಹನ್ನೊಂದು ಆಡು ಉಂಟು” ಎಂದರು.

ಹದಿನೈದು ಜನ. ಅದೇ ತಡಮೆಯಿಂದ. ಅವರನ್ನು ದೂರ ಇಡಲು ಹೇಳಿದ ಸುಳ್ಳು ಅವರನ್ನು ನೇರ ಅಲ್ಲಿಗೇ ಕರೆದುಕೊಂಡು ಬರುತ್ತಿದೆ. ಹಾಲು ಕರೆಯುವಾಗ ದನವೇ ತಿರುಗಿ ನನ್ನನ್ನು ನೋಡುತ್ತದೆ.

ಇವತ್ತು ಸಂಜೆ ಹುಣಿಯ ಹೊರಗೆ ನಿಂತು ಗದ್ದೆಯನ್ನು ಸರಿಯಾಗಿ ನೋಡಿದೆ. ಗುಡ್ಡದ ಬದಿಯ ಆರೇಳು ಮಾರಿನಲ್ಲಿ ಅಲಸಂಡೆಯ ಕುಡಿಯೇ ಇಲ್ಲ, ಮೊಂಡಾಗಿದೆ. ಜಿಂಕೆಗಳು ದಿನವೂ ಬಂದು ಮೇದು ಹೋಗುತ್ತಿವೆ. ಆದರೂ ಹದಿನಾಲ್ಕು ದಿನಗಳಲ್ಲಿ ಒಂದು ಈಡು ಕೇಳಲಿಲ್ಲ. ಹಾಗಾದರೆ ಹುರಿ ಅಲ್ಲಿಲ್ಲ. ಮನೆಯ ಬದಿಯ ಬೆಳೆ ಮೊಣಕಾಲಿನವರೆಗೆ ಎದ್ದಿದೆ, ಒಂದು ಎಲೆಯನ್ನೂ ಯಾರೂ ಮುಟ್ಟಿಲ್ಲ. ಹುರಿ ಇದ್ದರೆ ಇಲ್ಲಿ. ತಡಮೆಯ ಒಳಗೆ.

ಇಲ್ಲಿ ಜಿಂಕೆ ಬರುವುದಿಲ್ಲ. ಬೆಳಕು ಹರಿಯುವಾಗ ಇಲ್ಲಿ ಬರುವವಳು ಒಬ್ಬಳೇ. ಅದು ನಿಮಗೆ ಗೊತ್ತಿತ್ತು.

ಇದರ ಮುಂದೆ ಇವತ್ತು ಬರೆಯಲಾರೆ.

೧೫-೪-೧೯೬೧, ಶನಿವಾರ

ನಿನ್ನೆ ಬಿಸು, ಹೊಸ ವರ್ಷದ ಮೊದಲ ದಿನ. ಎದ್ದ ಕೂಡಲೇ ನೋಡಲೆಂದು ದೇವರ ಎದುರು ಕಣಿ ಇಟ್ಟೆ. ಕಣಿಯ ಕನ್ನಡಿಯಲ್ಲಿ ನನ್ನ ಮುಖ ನನಗೇ ಪರಿಚಯವಾಗಲಿಲ್ಲ. ಅತ್ತಿಗೆಯ ಕಾರ್ಡು ಬಂತು, ಜ್ವರ ಇಳಿದಿದೆ, ಎದ್ದು ಕುಳಿತು ಗಂಜಿ ಕುಡಿದಿರಿ ಎಂದು. ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನನ್ನ ಮೇಲೆಯೇ ಸಿಟ್ಟೂ ಬಂತು.

ನಾಳೆ ಆದಿತ್ಯವಾರ. ಊರಿಗೆ ನಿಜ ಹೇಳಿಬಿಡುವುದೆಂದು ನಿನ್ನೆ ಎರಡು ಸಲ ಶೀನಪ್ಪಣ್ಣನ ಮನೆಯ ಅಂಗಳದವರೆಗೆ ಹೋದೆ. ಅವನು ಕಾಲು ನೀಡಿ ಕುಳಿತು ಬುಟ್ಟಿ ಹೆಣೆಯುತ್ತಿದ್ದ. ಆ ಕಾಲನ್ನು ನೋಡಿದ ಮೇಲೆ ನನ್ನ ಗಂಡ ಕೋವಿ ಕಟ್ಟಿದ್ದಾರೆ ಎನ್ನುವ ಬದಲು ಬುಟ್ಟಿಗೆ ಎಷ್ಟು ಎಂದು ಕೇಳಿದೆ. ಹಿಂದೆ ಬಂದೆ.

ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದ ಬಿದಿರುಮುಳ್ಳಿನ ಕಟ್ಟು ಆಗ ಕಣ್ಣಿಗೆ ಬಿತ್ತು. ನಾನು ಅದನ್ನು ಎಳೆದು ಬೀಜ ಮುಚ್ಚದ ಗೇಣು ಜಾಗ ಆ ಗದ್ದೆಯಲ್ಲಿಲ್ಲ. ಮತ್ತೊಮ್ಮೆ ಎಳೆದರೆ ಹುರಿ ಎಲ್ಲಿದ್ದರೂ ಮುಳ್ಳಿಗೆ ಸಿಗಲೇಬೇಕು.

ಇವತ್ತು ಬೆಳಿಗ್ಗೆ ದನ ಬಿಟ್ಟ ಮೇಲೆ ಕೆಲಸಕ್ಕೆ ಹೊರಟೆ. ಬಾವಿಯ ಹಗ್ಗಕ್ಕೆ ದನಗಳ ಹಗ್ಗವನ್ನೆಲ್ಲ ಗಂಟುಹಾಕಿ ಗದ್ದೆಯ ಉದ್ದಕ್ಕೆ ಸಾಕಾಗುವಷ್ಟು ಮಾಡಿದೆ. ಹಗ್ಗದ ತುದಿಯನ್ನು ತಡಮೆಯ ಹೊರಗಿನ ಮುರಕಲ್ಲಿನ ಗೋಡೆಯ ಆಚೆ ಕೊನೆಯ ಹಿಂದೆ ಬಿಟ್ಟು, ಕಟ್ಟನ್ನು ಹೊತ್ತು ಗದ್ದೆಯ ಹೊರಗಿನಿಂದಲೇ ಗುಡ್ಡದ ತುದಿಗೆ ಹೋದೆ. ಅಲ್ಲಿ ಜಿಂಕೆ ಮೇದ ಜಾಗದಲ್ಲಿ ಮಾತ್ರ ಕಾಲಿಟ್ಟೆ. ಅವು ತುಳಿದಲ್ಲಿ ನಾನೂ ತುಳಿಯಬಹುದು ಎಂಬುದು ಲೆಕ್ಕ. ಕಟ್ಟನ್ನು ಇಟ್ಟು, ಸುತ್ತು ಬಂದು, ಗೋಡೆಯ ಹಿಂದೆ ಮಲಗಿ ಎಳೆದೆ. ಕಟ್ಟು ಬೆಳೆಯನ್ನು ಉರುಳಿಸುತ್ತ ಬಂತು. ಏನೂ ಆಗಲಿಲ್ಲ. ಪುನಃ ಹೊತ್ತುಕೊಂಡು ಹೋಗಿ, ಎರಡು ಮಾರು ಈಚೆ ಇಟ್ಟು, ಗೋಡೆಯ ಹಿಂದೆ ನಾನೂ ಅಷ್ಟೇ ತಡಮೆಯ ಕಡೆಗೆ ಸರಿದು, ಪುನಃ ಎಳೆದೆ. ಬಿತ್ತುವಾಗ ನೀವು ಹುಣಿಯಲ್ಲಿದ್ದಿರಿ. ಇವತ್ತು ಯಾರೂ ಇರಲಿಲ್ಲ. ಪ್ರತಿ ಸಲ ಹಗ್ಗ ಹಿಡಿಯುವಾಗ ದೈವದ ಹೆಸರು ಹೇಳಲು ನೋಡಿದೆ. ನೀವು ಮಾತು ತಪ್ಪಿದ್ದು, ನಾವು ಕೆಡ್ಡಸದಲ್ಲಿ ಮಣ್ಣು ಗೀರಿದ್ದು ನೆನಪಾಗಿ ನಾಲಿಗೆ ಏಳಲಿಲ್ಲ.

ಐದನೆಯ ಸಲ ಕಟ್ಟು ತಡಮೆಯ ಹತ್ತಿರ ಬಂದು ಸ್ವಲ್ಪ ತಡೆಯಿತು. ಬೇರಿಗೆ ಸಿಕ್ಕಿತೆಂದು ಜೋರಾಗಿ ಎಳೆದೆ. ಈಡು ಹಾರಿತು.

ಎಷ್ಟು ಹೊತ್ತು ಮುಖವನ್ನು ಮಣ್ಣಿಗೆ ಒತ್ತಿ ಮಲಗಿದ್ದೆನೋ ತಿಳಿಯದು. ಕಿವಿಯಲ್ಲಿ ಒಂದೇ ಸದ್ದು. ಎದ್ದು ನೋಡಿದಾಗ ತಡಮೆಯ ಬಲಗಡೆಯ ಗೂಟ ಸೀಳಿತ್ತು. ಹೋಗಿ ಅದರ ಪಕ್ಕ ನಿಂತೆ. ಸೀಳಿದ ಜಾಗ ನನ್ನ ಸೊಂಟಕ್ಕೆ ಬರುತ್ತದೆ. ತೋಡಿನ ಆಚೆಯ ಲಕ್ಕಿಯ ಪೊದೆಯಲ್ಲಿ ಕೋವಿ ಇತ್ತು. ಕೋವಿಯ ಕುದುರೆಗೆ ಇಬ್ಬನಿ ತಾಗದ ಹಾಗೆ ಅಡಿಕೆ ಹಾಳೆ ಸುತ್ತಿ, ಅಚ್ಚುಕಟ್ಟಾಗಿ ಕಟ್ಟಿದ್ದೀರಿ. ನಿಮ್ಮ ಕೈಗಂಟು ನನಗೆ ಗೊತ್ತು. ಕೋವಿಯನ್ನು ಬಿಚ್ಚಿ ತಂದು ಅಟ್ಟದಲ್ಲಿಟ್ಟಿದ್ದೇನೆ.

ನಿಮ್ಮನ್ನು ಕೇಳುವುದು ಒಂದೇ. ಅಡಿಕೆ ಒಣಹಾಕಿದ ಅಂಗಳದಲ್ಲಿ ಮುಳ್ಳಿದ್ದರೂ ಜಾಗ್ರತೆ ಎನ್ನುತ್ತಿದ್ದವರು ನೀವು. ಮಾತು ಬಿಟ್ಟಿದ್ದೆವು, ಸರಿ. ಒಂದು ಮಾತು, ಗದ್ದೆಗೆ ಇಳಿಯಬೇಡ ಎಂಬ ಒಂದು ಮಾತು, ಹೇಳಲು ಮರೆತಿರಾ? ಅಥವಾ ಬೇಡವೆಂದು ಬಿಟ್ಟಿರಾ? ಮಾಟ ಸಾಲದೆಂದು ಇದನ್ನು ಕಟ್ಟಿದಿರಾ? ಜ್ವರದಲ್ಲಿ ಕೇಳುತ್ತಿದ್ದೀರಲ್ಲ, ಕಂಡಿತಾ ಎಂದು. ಕಂಡಿತು, ನಾನು ಬದುಕಿದ್ದೇನೆ. ನಾಳೆ ಬೆಳಗಾದರೆ ಉಪ್ಪಿನಂಗಡಿಗೆ ಅಪ್ಪನ ಮನೆಗೆ ಹೋಗುತ್ತೇನೆ. ದನಗಳನ್ನು ಶೀನಪ್ಪಣ್ಣನ ಮನೆಯವರು ನೋಡಿಕೊಳ್ಳುತ್ತಾರೆ. ಮದ್ದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ.

ಇತಿ,
ಸೇವಂತಿ

ತಾ.ಕ. ಅಂಟು ಹಚ್ಚಿ ಮುಚ್ಚಿದ್ದನ್ನು ಪುನಃ ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದನ್ನು ಹರಿಯುವುದಿಲ್ಲ. ನಾನು ನಿಮ್ಮ ಬಗ್ಗೆ ಏನೇನು ಯೋಚಿಸಿದೆ ಎಂಬುದು ನಿಮಗೆ ಗೊತ್ತಿರಬೇಕು. ಇದನ್ನು ಅತ್ತಿಗೆಯ ಕೈಯಲ್ಲಿ ಓದಿಸಬೇಡಿ.

ಈಡಿನ ಸದ್ದು ಕೇಳಿ ಶೀನಪ್ಪಣ್ಣ ಕೋಲೂರಿಕೊಂಡು ಬಂದ. ಸೀಳಿದ ಗೂಟ, ಮುಳ್ಳಿನ ಕಟ್ಟು, ನನ್ನ ಮುಖ, ಮೂರನ್ನೂ ನೋಡಿದ. ನಾನು ಏನೂ ಹೇಳಬೇಕಾಗಲಿಲ್ಲ. ತಡಮೆಯ ಅಡ್ಡಗೋಲನ್ನು ಕೈಯಿಂದ ಸವರಿ ಕೇಳಿದ, “ಇಲ್ಲಿ ಗಂಟು ಇರ್ಲಿಲ್ವಾ?” ಎಂದು. ಯಾವ ಗಂಟು ಎಂದೆ. ಅವನು ನನ್ನನ್ನು ಗುಡ್ಡದ ಬದಿಯ ಕಾಲುದಾರಿಗೆ ಕರೆದುಕೊಂಡು ಹೋದ. ನೆಲವನ್ನೇ ನೋಡಿಕೊಂಡು ಐದು ಸಲ ಸುಳಿದಾಡಿದವಳಿಗೆ ಕಂಡಿರಲಿಲ್ಲ. ಮರಕ್ಕೆ ತಲೆಯೆತ್ತರದಲ್ಲಿ ಕಟ್ಟಿತ್ತು, ತೆಂಗಿನ ಗರಿಯ ಮೂರು ಗಂಟು, ಒಣಗಿ ಕೆಂಪಾಗಿದೆ. “ಕೋವಿ ಕಟ್ಟಿದವ ಮನುಷ್ಯರು ಬರುವ ಬದಿಗೆಲ್ಲ ಇದನ್ನು ಕಟ್ಟುದು. ಕಂಡವ ಅಲ್ಲಿಂದ ಒಳಗೆ ಕಾಲಿಡುದಿಲ್ಲ. ನನ್ನ ಕಾಲು ಹೋದ ದಿನ ದಾರಿಯಲ್ಲಿ ಗಂಟು ಇರ್ಲಿಲ್ಲ ಅಕ್ಕಾ. ಇದ್ದಿದ್ರೆ ನಾನು ಓಡಾಡ್ತಿದ್ದೆ” ಎಂದ.

ಗುಡ್ಡದ ಬದಿಯಲ್ಲಿ ಹುಟ್ಟಿದವರಿಗೆ ಹೇಳಿಕೊಡದೆ ಗೊತ್ತಿರುವುದು ಹೊಳೆಯ ಬದಿಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲ ಎಂದು ನಿಮಗೆ ಹೊಳೆಯಲಿಲ್ಲ. ಏಳು ವರ್ಷ ಬೇಟೆಗಾರನ ಹೆಂಡತಿಯಾಗಿದ್ದು ನಾನೂ ಕೇಳಿರಲಿಲ್ಲ. ಜಿಂಕೆ ಕೆಳಗೆ ಬರುತ್ತಿದ್ದದ್ದು ನಾನು ತಿರುಗಿಸಿದ ನೀರಿಗಂತೆ, ತೋಡಿನ ಕೆಸರಿನಲ್ಲಿ ಹಳೆಯ ಗೊರಸಿನ ಗುರುತನ್ನು ಶೀನಪ್ಪಣ್ಣ ತೋರಿಸಿದ. ನಾನು ಹೆದರಿ ನೀರು ಬಿಡದೆ ಇದ್ದುದರಿಂದ ಅವು ಇಳಿಯಲಿಲ್ಲ. ಇಳಿದಿದ್ದರೆ ಮೊದಲ ದಿನವೇ ಈಡು ಹಾರಿ ಎಲ್ಲ ಮುಗಿಯುತ್ತಿತ್ತು.

ಅವನು ಊರಿಗೆ ಹೇಳುವುದಿಲ್ಲ. ಆದರೆ ನೀವು ಬಂದು ದೈವದ ಎದುರು, ಅವನ ಎದುರು, ನಿಮ್ಮ ಬಾಯಿಂದಲೇ ಹೇಳಬೇಕಂತೆ. ನಾನು ಆಗಲಿ ಎಂದಿದ್ದೇನೆ. ಈಡಿಗೆ ಹೆದರಿ ಚಿರತೆ ಗುಡ್ಡ ಹತ್ತಿತು ಎಂದು ದೇವದಾಸನಿಗೆ ಅವನೇ ಹೇಳಿ ಕಳಿಸಿದ್ದಾನೆ. ನಾಳೆ ಯಾರೂ ಬರುವುದಿಲ್ಲ. ಉಪ್ಪಿನಂಗಡಿಗೆ ನಾನೂ ಹೋಗುವುದಿಲ್ಲ.

ಗುಡ್ಡದ ಬದಿಯ ಗಂಟಿನಲ್ಲಿ ಬಟ್ಟೆಯ ಚೂರು ಇಲ್ಲ. ಬರೀ ಗರಿ. ನಾನು ಸುಟ್ಟ ಗಂಟಿನಲ್ಲಿ ಮಾತ್ರ ಹಸಿರು ಸೆರಗಿನ ಚೂರು ಇದ್ದದ್ದು. ಯಾಕೆಂದು ಶೀನಪ್ಪಣ್ಣನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, ಹಾಗೆ ಕಟ್ಟುವ ಕ್ರಮ ಇಲ್ಲವಂತೆ. ಮನೆಗೆ ಬಂದು ಪೆಟ್ಟಿಗೆ ತೆಗೆದು, ಆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಾಗ ತಿಳಿಯಿತು. ನನ್ನ ಜೊತೆ ಮಾತು ಬಿಟ್ಟಿದ್ದಿರಿ. ಅದು ನನಗೆ ಹೇಳಿದ್ದೆಂದು ನನಗೆ ಗೊತ್ತಾಗಲಿ ಎಂದು ಅಷ್ಟನ್ನು ಹರಿದು ಕಟ್ಟಿದ್ದಿರಿ.